ಸಹಾಯ ಬೇಕು: ಸುರಂಗದೊಳಗೆ ಅಪ್ಪನ ಹೆಣ (ಕಾದಂಬರಿಯಲ್ಲಿ ಮಾತ್ರ!)

ಎಲ್ಲರಿಗೂ ನಮಸ್ಕಾರ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವನು. ಒಂದು ಅಪರಾಧ ಕಾದಂಬರಿ ಬರೆಯುತ್ತಿದ್ದೇನೆ. ನಗು ಸ್ವಲ್ಪ, ಹೆಣ ಒಂದೇ.

ಅಕ್ಕ, ತಮ್ಮ, ತಂಗಿ. ಜಾಗ ಪಾಲಾದ ಮೇಲೆ ಮೂವರಿಗೂ ಮಾತಿಲ್ಲ. ಅಪ್ಪ ನಿದ್ದೆಯಲ್ಲೇ ತೀರಿಕೊಳ್ಳುತ್ತಾರೆ. ಪಿಂಚಣಿ ನಿಲ್ಲಬಾರದೆಂದು ಮಕ್ಕಳು ಅವರನ್ನು ಗುಡ್ಡೆಯ ಬತ್ತಿದ ಸುರಂಗದಲ್ಲಿ ಮಲಗಿಸುತ್ತಾರೆ. ನಮ್ಮ ಸುರಂಗ ಗೊತ್ತಲ್ವಾ, ನೀರಿಗಾಗಿ ಗುಡ್ಡೆಯೊಳಗೆ ಅಡ್ಡಕ್ಕೆ ತೋಡಿದ್ದು, ಒಬ್ಬ ನಡೆದು ಹೋಗುವಷ್ಟೇ ಅಗಲ. ಹಾಗಾಗಿ ತಲೆ ಕಡೆ ಯಾರು, ಕಾಲು ಕಡೆ ಯಾರು ಎಂದು ಅಲ್ಲೇ ಜಗಳ. ತಂಗಿ ಕವಳದ ಚೀಲವನ್ನೂ ಕನ್ನಡಕವನ್ನೂ ಪಕ್ಕದಲ್ಲಿಟ್ಟು ಬರುತ್ತಾಳೆ. ಆ ಪುಟ ಬರೆಯುವಾಗ ನನಗೇ ನಗು ನಿಂತುಹೋಯಿತು.

ಸುರಂಗ ತೋಡಿದ ಅನುಭವ ಇರುವ ಹಿರಿಯರು ಯಾರಾದರೂ ಇದ್ದೀರಾ? ಗಾಳಿ ಕಮ್ಮಿಯಾದರೆ ದೀಪ ಆರುತ್ತದೆ, ಅದು ಗೊತ್ತು. ಮಳೆಗಾಲದಲ್ಲಿ ಬತ್ತಿದ ಸುರಂಗಕ್ಕೆ ಮತ್ತೆ ನೀರು ಬಂದರೆ, ಒಳಗಿದ್ದದ್ದು ಹೊರಗೆ ತೇಲಿ ಬರುತ್ತದಾ? ಕತೆ ನಿಂತಿರುವುದೇ ಅದರ ಮೇಲೆ.

ನಿವೃತ್ತ ಪೊಲೀಸರಿಗೂ ಒಂದು ಪ್ರಶ್ನೆ. ಕತೆ ನಡೆಯುವುದು 2024ರ ಅಕ್ಟೋಬರಿನಲ್ಲಿ. ಅದೇ ವರ್ಷ ಜುಲೈ 1ರಿಂದ ಹೊಸ ಕಾನೂನು (ಬಿಎನ್‌ಎಸ್‌ಎಸ್) ಬಂದಿದೆ, ಅಸಹಜ ಸಾವಿನ ಬಗ್ಗೆ ಪೊಲೀಸರು ವಿಚಾರಣೆ ಮಾಡುವ ಹಳೆಯ ಸಿಆರ್‌ಪಿಸಿಯ 174ನೇ ಸೆಕ್ಷನ್ ಬದಲು ಈಗ 194. ಮಹಜರಿನಲ್ಲಿ ಕನ್ನಡದವರ ಹೇಳಿಕೆಯನ್ನು ಮಲಯಾಳದಲ್ಲಿ ಬರೆದು ಸಹಿ ಹಾಕಿಸುತ್ತಾರಾ? ಅಕ್ಕನಿಗೆ ಮಲಯಾಳ ಓದಲು ಬರುವುದಿಲ್ಲ. ಏನಕ್ಕೆ ಸಹಿ ಹಾಕಿದಳೋ ಅವಳಿಗೇ ತಿಳಿಯಬಾರದು.

ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು ಎಂದು ಯಾರೂ ಕಮೆಂಟ್ ಹಾಕಬೇಡಿ. ಮೊದಲ ಅಧ್ಯಾಯದಲ್ಲೇ ತಮ್ಮ ಅದನ್ನು ಎಣಿಸುತ್ತಾ ಕೂತಿದ್ದಾನೆ.