ಗ್ರಾಫ್ ಡೇಟಾಬೇಸ್ ಡ್ರೈವರ್‌ಗಳ ಕೈಪಿಡಿ: ಎಲ್ಲಿಂದ ತಿದ್ದಬೇಕು?

ಪ್ರಶ್ನೆ, ಚಿಕ್ಕಮಗಳೂರಿನಿಂದ:
ಕಾಫಿಯ ಪ್ರತಿ ಲಾಟ್ ಯಾವ ತೋಟದಿಂದ ಹೊರಟು ಯಾವ ಕ್ಯೂರಿಂಗ್ ವರ್ಕ್ಸ್ (ಕಾಫಿ ಬೀಜ ಸಂಸ್ಕರಿಸುವ ಘಟಕ) ದಾಟಿತು ಎಂಬುದನ್ನು ನಮ್ಮ ತಂಡ ನಿಯೋ4ಜೆ ಎಂಬ ಗ್ರಾಫ್ ಡೇಟಾಬೇಸ್‌ನಲ್ಲಿ (ದತ್ತಾಂಶವನ್ನು ಬಿಂದುಗಳಾಗಿ, ಅವುಗಳ ನಡುವಿನ ಸಂಬಂಧಗಳಾಗಿ ಇಡುವಂಥದ್ದು) ದಾಖಲಿಸುತ್ತದೆ. ನಮ್ಮ ಪ್ರೋಗ್ರಾಂಗಳನ್ನು ಅದಕ್ಕೆ ಜೋಡಿಸುವ ಪೈಥಾನ್, ಜಾವಾಸ್ಕ್ರಿಪ್ಟ್ ಡ್ರೈವರ್‌ಗಳ ಬಗ್ಗೆ ನಮ್ಮದೊಂದು ಹಳೆಯ ಕೈಪಿಡಿ ಇದೆ. ಹೊಸಬರು ಅದನ್ನು ಓದಿದ ಮೇಲೂ ನಮ್ಮನ್ನೇ ಕೇಳುತ್ತಾರೆ. ಅದನ್ನು ಸರಿಪಡಿಸುವ ಹೊಣೆ ನನ್ನದು. ಇಂಥ ಕೆಲಸ ಮಾಡಿದವರು ದಯವಿಟ್ಟು ಅನುಭವ ತಿಳಿಸಿ.

ಹಾಸನದಿಂದ:
ಹೊಸಬರು ಕೇಳುವ ಪ್ರಶ್ನೆಗಳನ್ನೇ ಮೊದಲು ಬರೆದಿಟ್ಟುಕೊಳ್ಳಿ ಮೇಡಂ, ಅಧ್ಯಾಯಗಳು ಅಲ್ಲಿಂದಲೇ ಹುಟ್ಟಲಿ. ನಮ್ಮ ಹಳೆಯ ಕೈಪಿಡಿಯಲ್ಲಿ ಪ್ರತಿ ಮೆಥಡ್‌ನ ಹೆಸರೂ ಇತ್ತು. ಡ್ರೈವರ್ ಆಬ್ಜೆಕ್ಟನ್ನು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದು ಮಾತ್ರ ಎಲ್ಲೂ ಇರಲಿಲ್ಲ. ಡ್ರೈವರ್ ತನ್ನೊಳಗೆ ಸಂಪರ್ಕಗಳ ಪೂಲ್ (ಮತ್ತೆ ಮತ್ತೆ ಬಳಸುವ ಸಂಗ್ರಹ) ಇಟ್ಟುಕೊಂಡಿರುವುದರಿಂದ ಇಡೀ ಅಪ್ಲಿಕೇಶನ್‌ಗೆ ಒಂದೇ ಸಾಕು. ಅದರ ಮೂಲಕ ಕ್ವೆರಿಗಳನ್ನು (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗಳನ್ನು) ನಡೆಸುವ ಸೆಷನ್ ಹಗುರ, ಕೆಲಸಕ್ಕೊಂದರಂತೆ ತೆರೆದು ಮುಚ್ಚಬಹುದು, ಏಕಕಾಲಕ್ಕೆ ನಡೆಯುವ ಹಲವು ಥ್ರೆಡ್‌ಗಳು ಒಂದನ್ನೇ ಹಂಚಿಕೊಳ್ಳಬಾರದು. ಇದು ತಿಳಿಯದೆ ನಮ್ಮಲ್ಲಿ ಪ್ರತಿ ವಿನಂತಿಗೂ ಹೊಸ ಡ್ರೈವರ್ ತೆರೆಯುತ್ತಿದ್ದರು. ಕೊಯ್ಲಿನ ತಿಂಗಳುಗಳಲ್ಲಿ ದಾಖಲೆ ಏರಿದಂತೆ ಎಲ್ಲವೂ ತೆವಳುತ್ತಿತ್ತು.

ಇದಕ್ಕಿಂತಲೂ ಮುಖ್ಯವಾದದ್ದು ಮರುಪ್ರಯತ್ನದ ವಿಷಯ. ಡೇಟಾಬೇಸ್‌ಗೆ ಬರೆಯಲು ಬಳಸುವ ಎಕ್ಸಿಕ್ಯೂಟ್-ರೈಟ್ ಮೆಥಡ್‌ಗೆ ಕೊಟ್ಟ ಫಂಕ್ಷನ್ ತಾತ್ಕಾಲಿಕ ದೋಷ ಎದುರಾದರೆ ತಾನಾಗಿಯೇ ಮತ್ತೆ ನಡೆಯುತ್ತದೆ. ಬೆಳೆಗಾರರಿಗೆ ಎಸ್‌ಎಂಎಸ್ ಕಳುಹಿಸುವ ಸಾಲು ಅದರೊಳಗಿದ್ದರೆ ಒಂದೇ ಲಾಟ್‌ಗೆ ಎರಡು ಸಂದೇಶ ಹೋದೀತು. ಈ ಉದಾಹರಣೆಯನ್ನೇ ಬರೆಯಿರಿ. "ಫಂಕ್ಷನ್ ಐಡೆಂಪೊಟೆಂಟ್ ಆಗಿರಬೇಕು" (ಎಷ್ಟು ಸಲ ನಡೆದರೂ ಫಲ ಒಂದೇ ಇರಬೇಕು) ಎಂಬ ಒಂದು ವಾಕ್ಯ ಓದಿ ಯಾರೂ ಎಚ್ಚೆತ್ತುಕೊಳ್ಳುವುದಿಲ್ಲ. ಟ್ರಾನ್ಸಾಕ್ಷನ್ (ಒಟ್ಟಾಗಿ ನಡೆಯುವ ಅಥವಾ ಒಟ್ಟಾಗಿ ರದ್ದಾಗುವ ಕೆಲಸಗಳ ಗುಂಪು) ಮುಗಿಯುವುದರೊಳಗೆ ಫಲಿತಾಂಶವನ್ನು ಪೂರ್ತಿ ಓದಿಕೊಳ್ಳಬೇಕು ಎಂಬುದನ್ನೂ ಅಲ್ಲೇ ಸೇರಿಸಿ. ಮೊದಲ ಪುಟಕ್ಕೆ ಡ್ರೈವರ್‌ನ 5ನೇ ಸರಣಿಯಲ್ಲಿ ಬಂದ ಎಕ್ಸಿಕ್ಯೂಟ್-ಕ್ವೆರಿ ಮೆಥಡ್ ಒಳ್ಳೆಯದು. ಸೆಷನ್, ಮರುಪ್ರಯತ್ನ ಎರಡನ್ನೂ ಅದೇ ನೋಡಿಕೊಳ್ಳುತ್ತದೆ.

ಮೂಡಿಗೆರೆಯಿಂದ:
ಹಾಸನದವರು ಹೇಳಿದ್ದು ಎರಡೂ ಭಾಷೆಗೆ ಸಲ್ಲುತ್ತದೆ. ಆದರೆ ಪೈಥಾನ್ ಪುಟವನ್ನು ನಕಲಿಸಿ ಜಾವಾಸ್ಕ್ರಿಪ್ಟ್ ಪುಟ ಮಾಡಬೇಡಿ. ನಿಯೋ4ಜೆಯ ಕ್ವೆರಿ ಭಾಷೆಯಾದ ಸೈಫರ್‌ನ ಪೂರ್ಣಾಂಕ 64 ಬಿಟ್. ಜಾವಾಸ್ಕ್ರಿಪ್ಟ್‌ನ ಸಂಖ್ಯೆ 53 ಬಿಟ್‌ವರೆಗೆ ಮಾತ್ರ ನಿಖರ. ಅದಕ್ಕಾಗಿ ಆ ಡ್ರೈವರ್ ಪೂರ್ಣಾಂಕವನ್ನು ಬೇರೆಯೇ ಆಬ್ಜೆಕ್ಟ್ ಆಗಿ ಕೊಡುತ್ತದೆ. ಮೂಟೆಗಳ ಎಣಿಕೆ ಪರದೆಯ ಮೇಲೆ ಲೋ, ಹೈ ಎಂಬ ಎರಡು ಅಂಕಿಗಳಾಗಿ ಕಂಡಾಗ ನಮ್ಮವರು ಡೇಟಾಬೇಸ್ ಕೆಟ್ಟಿತೆಂದೇ ನಂಬಿದ್ದರು. ಕಳುಹಿಸುವಾಗಲೂ ಅಷ್ಟೇ: ಬರೀ 10 ಎಂದು ಕೊಟ್ಟರೆ ಅದು 10.0 ಆಗಿ ತಲುಪಿ, ಲಿಮಿಟ್ (ಎಷ್ಟು ಸಾಲು ಬೇಕೆಂಬ ಮಿತಿ) ಇರುವ ಕ್ವೆರಿ ದೋಷ ಕೊಡುತ್ತದೆ. ಆ ದೋಷ ಸಂದೇಶವನ್ನು ಇದ್ದ ಹಾಗೆಯೇ ಕೈಪಿಡಿಯಲ್ಲಿ ಅಚ್ಚು ಮಾಡಿ, ಕೆಳಗೆ ಪರಿಹಾರ ಬರೆಯಿರಿ. ತೊಂದರೆಯಲ್ಲಿರುವವರು ಹುಡುಕುವುದು ಆ ಸಾಲನ್ನೇ.

ಸಕಲೇಶಪುರದಿಂದ:
ತೋಟದ ಹೆಸರನ್ನು ಪ್ಲಸ್ ಚಿಹ್ನೆಯಿಂದ ಕ್ವೆರಿಗೆ ಜೋಡಿಸಿದ ಉದಾಹರಣೆ ಒಂದಿದ್ದರೂ ಕಿತ್ತುಹಾಕಿ. ಜನ ಮೊದಲು ನಕಲು ಮಾಡುತ್ತಾರೆ, ಆಮೇಲೆ ಓದುತ್ತಾರೆ. ಹೆಸರಿನಲ್ಲೊಂದು ಉದ್ಧರಣ ಚಿಹ್ನೆ ಬಂದರೆ ಕ್ವೆರಿ ಮುರಿಯುತ್ತದೆ, ದುರುದ್ದೇಶದವರು ದಾಖಲೆಯನ್ನೇ ಅಳಿಸಬಹುದು. ಎಲ್ಲ ಕಡೆಯೂ ಡಾಲರ್ ಚಿಹ್ನೆಯ ಪ್ಯಾರಾಮೀಟರ್ (ಮೌಲ್ಯವನ್ನು ಕ್ವೆರಿಯಿಂದ ಬೇರೆಯಾಗಿ ಕಳುಹಿಸುವ ಜಾಗಸೂಚಕ) ಇರಲಿ.

ಪುಟದ ತಲೆಯಲ್ಲಿ ಡ್ರೈವರ್ ಆವೃತ್ತಿ ಬರೆಯುವುದನ್ನು ಮರೆಯಬೇಡಿ. ಪೈಥಾನ್‌ನಲ್ಲಿ ರೀಡ್-ಟ್ರಾನ್ಸಾಕ್ಷನ್ ಎಂಬುದು 5.0ರಲ್ಲಿ ಎಕ್ಸಿಕ್ಯೂಟ್-ರೀಡ್ ಆಯಿತು. ಹಳೆಯ ಹೆಸರಿನ ಪುಟಗಳು ಇಂದಿಗೂ ಹುಡುಕಾಟದಲ್ಲಿ ಸಿಗುತ್ತವೆ. ನಾವು ಕೈಪಿಡಿಯ ಕೋಡ್ ತುಣುಕುಗಳನ್ನೆಲ್ಲ ಬೇರೆ ಕಡತಗಳಲ್ಲಿಟ್ಟು, ಡ್ರೈವರ್ ಬದಲಾದಾಗಲೆಲ್ಲ ಖಾಲಿ ಡೇಟಾಬೇಸ್ ಮೇಲೆ ಓಡಿಸುತ್ತೇವೆ. ಓಡದ ತುಣುಕು ಕೈಪಿಡಿಗೆ ಹೋಗುವುದಿಲ್ಲ.