ಡಾಕ್‌ನಲ್ಲಿ 60 ಫ್ರೇಮ್, ಕೈಯಲ್ಲಿ ಹಿಡಿದರೆ 36: ಸ್ವಿಚ್‌ನಲ್ಲಿ ಗುಹೆ ಲೆವೆಲ್ ಯಾಕೆ ನಿಧಾನ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾವು ಸ್ನೇಹಿತರು ಸೇರಿ ಒಂದು 2ಡಿ ಪ್ಲಾಟ್‌ಫಾರ್ಮರ್ ಮಾಡುತ್ತಿದ್ದೇವೆ. ಪಿಸಿ, ಪಿಎಸ್5, ಸ್ಟೀಮ್ ಡೆಕ್, ನಿಂಟೆಂಡೊ ಸ್ವಿಚ್ ನಾಲ್ಕಕ್ಕೂ ಒಟ್ಟಿಗೆ ಬಿಡಬೇಕು ಅಂತ ಆಸೆ. ಮೊದಲ ಮೂರರಲ್ಲಿ ಸೆಕೆಂಡಿಗೆ 60 ಫ್ರೇಮ್ ಅಲುಗಾಡದೆ ನಿಲ್ಲುತ್ತದೆ. ಸ್ವಿಚ್ ಅನ್ನು ಡಾಕ್‌ಗೆ ಹಾಕಿ ಟಿವಿಯಲ್ಲಿ ಆಡಿದರೂ ತೊಂದರೆ ಇಲ್ಲ. ಆದರೆ ಡಾಕ್‌ನಿಂದ ತೆಗೆದು ಕೈಯಲ್ಲಿ ಹಿಡಿದ ಕೂಡಲೇ ಗುಹೆಯ ಲೆವೆಲ್ ಕುಂಟಲು ಶುರು ಮಾಡುತ್ತದೆ. ವಿ-ಸಿಂಕ್ (ಫ್ರೇಮ್‌ಗಳನ್ನು ಪರದೆಯ ತಾಳಕ್ಕೆ ಹೊಂದಿಸುವುದು) ತೆಗೆದು ಅಳೆದರೆ ಒಂದು ಫ್ರೇಮ್‌ಗೆ 28 ಮಿಲಿಸೆಕೆಂಡ್, ಅಂದರೆ ಸುಮಾರು 36 ಫ್ರೇಮ್. ವಿ-ಸಿಂಕ್ ಇದ್ದರೆ ನೇರ 30ಕ್ಕೆ ಬೀಳುತ್ತದೆ.

ರೆಂಡರ್ ರೆಸಲ್ಯೂಶನ್ ಅನ್ನು 1280×720 ರಿಂದ 640×360ಕ್ಕೆ ಇಳಿಸಿ ನೋಡಿದೆವು. ಹೆಚ್ಚುಕಮ್ಮಿ ಅಷ್ಟೇ. ಪಿಕ್ಸೆಲ್ ಕಡಿಮೆ ಮಾಡಿದರೂ ವೇಗ ಬರಲಿಲ್ಲ ಅಂದಮೇಲೆ ಇದು ಸಿಪಿಯು ಸಮಸ್ಯೆ ಅನ್ನಿಸುತ್ತಿದೆ. ಶತ್ರುಗಳ ಎಐ ಕಡಿಮೆ ಮಾಡಬೇಕಾ? ಅದನ್ನು ಕತ್ತರಿಸಿದರೆ ಆಟದ ಜೀವವೇ ಹೋಗುತ್ತದೆ. ಬೇರೆ ದಾರಿ ಇದ್ದರೆ ಹೇಳಿ.

ಉತ್ತರ 1

ಎಐಗೆ ಈಗಲೇ ಕೈ ಹಾಕಬೇಡಿ. ಸಿಪಿಯು ಕಾರಣ ಆಗಿದ್ದರೆ ಡಾಕ್‌ನಲ್ಲೂ ಇಷ್ಟೇ ನಿಧಾನ ಇರಬೇಕಿತ್ತು. ಸ್ವಿಚ್‌ನಲ್ಲಿ ಇರುವುದು ಟೆಗ್ರಾ ಎಕ್ಸ್1 ಚಿಪ್. ಅದರ ನಾಲ್ಕು ಎ57 ಸಿಪಿಯು ಕೋರ್‌ಗಳು ಡಾಕ್ ಆದರೂ ಕೈಯಲ್ಲಾದರೂ 1020 ಮೆಗಾಹರ್ಟ್ಸ್‌ನಲ್ಲೇ ಓಡುತ್ತವೆ. ಡಾಕ್‌ನಿಂದ ತೆಗೆದಾಗ ಬದಲಾಗುವುದು ಎರಡು. ಜಿಪಿಯು 768 ಮೆಗಾಹರ್ಟ್ಸ್‌ನಿಂದ 307 ಅಥವಾ 384ಕ್ಕೆ ಇಳಿಯುತ್ತದೆ (ಕೆಲವು ಆಟಗಳಿಗೆ 460ರ ಅವಕಾಶವೂ ಇದೆ). ಮೆಮೊರಿ 1600 ಮೆಗಾಹರ್ಟ್ಸ್‌ನಿಂದ 1331ಕ್ಕೆ ಬರುತ್ತದೆ. ಬ್ಯಾಂಡ್‌ವಿಡ್ತ್ (ಮೆಮೊರಿಗೆ ಡೇಟಾ ಓಡಾಡುವ ಪ್ರಮಾಣ) ಲೆಕ್ಕದಲ್ಲಿ ಸೆಕೆಂಡಿಗೆ 25.6 ಜಿಬಿ ಇದ್ದದ್ದು 21.3 ಜಿಬಿ.

ಇಲ್ಲಿ ಒಂದು ಲೆಕ್ಕ ನೋಡಿ. 1080p ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್, 720p ಪರದೆಯಲ್ಲಿ 9.2 ಲಕ್ಷ. ಪಿಕ್ಸೆಲ್ 2.25 ಪಟ್ಟು ಕಡಿಮೆ, ಜಿಪಿಯು ವೇಗವೂ ಹತ್ತಿರ ಹತ್ತಿರ ಅಷ್ಟೇ ಪಟ್ಟು ಕಡಿಮೆ. ಪರದೆ ಚಿಕ್ಕದಾದಂತೆ ಆಟದ ಕೆಲಸವೂ ಚಿಕ್ಕದಾದರೆ ಎರಡೂ ಸರಿಹೋಗುತ್ತವೆ. ನಿಮ್ಮಲ್ಲಿ ಸರಿಹೋಗಿಲ್ಲ, ಅದೂ 640×360ಕ್ಕೆ ಇಳಿಸಿದ ಮೇಲೂ. ಹಾಗಾದರೆ ಪರದೆಯ ಅಳತೆಗೆ ಸಂಬಂಧವೇ ಇಲ್ಲದ ಯಾವುದೋ ಬಫರ್ (ಚಿತ್ರ ಇಟ್ಟುಕೊಳ್ಳುವ ಮೆಮೊರಿಯ ಜಾಗ) ಜಿಪಿಯುವನ್ನು ತಿನ್ನುತ್ತಿದೆ. ಶ್ಯಾಡೋ ಮ್ಯಾಪ್, ಬ್ಲರ್, ಲೈಟಿಂಗ್, ನೀರಿನ ಪ್ರತಿಬಿಂಬ, ಇಂಥದ್ದು. ಗುಹೆಯಲ್ಲಿ ಮಾತ್ರ ಇದ್ದು ಬೇರೆ ಲೆವೆಲ್‌ಗಳಲ್ಲಿ ಇಲ್ಲದ್ದು ಏನು?

ಉತ್ತರ 2

ಮಧ್ಯೆ ಒಂದು ಮಾತು. ಡೆವ್‌ಕಿಟ್ (ಆಟ ಮಾಡುವವರಿಗೆ ಕೊಡುವ ವಿಶೇಷ ಯಂತ್ರ) ತಗೊಂಡವರು ಗೌಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿರುತ್ತೀರಿ. ಪ್ರೊಫೈಲರ್ ಸ್ಕ್ರೀನ್‌ಶಾಟ್, ಎಸ್‌ಡಿಕೆ ಫಂಕ್ಷನ್ ಹೆಸರು ಇಲ್ಲಿ ಹಾಕಬೇಡಿ. ಮೇಲೆ ಬರೆದಿರುವ ಮೆಗಾಹರ್ಟ್ಸ್ ಅಂಕಿಗಳು 2016ರ ಕೊನೆಯಿಂದಲೂ ಸುದ್ದಿಯಲ್ಲಿ ಬಂದಿರುವಂಥವು, ಅವುಗಳ ಮೇಲೆ ಮಾತಾಡಲು ತೊಂದರೆ ಇಲ್ಲ.

ಪ್ರಶ್ನೆ ಕೇಳಿದವರು

ಸರಿ, ಸ್ಕ್ರೀನ್‌ಶಾಟ್ ಹಾಕುವುದಿಲ್ಲ. ಗುಹೆಯಲ್ಲಿ ಮಾತ್ರ ಇರುವುದು ದೀಪಗಳು. ಪಂಜು, ಹೊಳೆಯುವ ಅಣಬೆ, ಆಟಗಾರನ ಕೈಯ ಲಾಟೀನು. ಇದಕ್ಕೆ ಎಂಜಿನ್‌ನ ಲೈಟಿಂಗ್ ಬಳಸಿಲ್ಲ, ನಾವೇ ಬರೆದ ಪಾಸ್ (ಚಿತ್ರ ಬಿಡಿಸುವ ಒಂದು ಹಂತ) ಇದೆ. ಎಲ್ಲ ಬೆಳಕನ್ನೂ ಬೇರೆ ಒಂದು ಬಫರ್‌ಗೆ ಕೂಡಿಸುತ್ತಾ ಹೋಗಿ, ಕೊನೆಗೆ ಚಿತ್ರದ ಮೇಲೆ ಗುಣಿಸುತ್ತೇವೆ. ಆ ಬಫರ್ 1920×1080, ಪ್ರತಿ ಚಾನೆಲ್‌ಗೆ 16 ಬಿಟ್ ಫ್ಲೋಟ್, ನಾಲ್ಕು ಚಾನೆಲ್. ದಟ್ಟವಾದ ಜಾಗದಲ್ಲಿ ಎಂಟು ದೀಪಗಳ ಬೆಳಕು ಒಂದರ ಮೇಲೊಂದು ಬೀಳುತ್ತದೆ, ಒಂದೊಂದೂ ಹೆಚ್ಚುಕಮ್ಮಿ ಇಡೀ ಪರದೆಯನ್ನು ಮುಚ್ಚುತ್ತದೆ.

ಉತ್ತರ 1

ಸಿಕ್ಕಿತು. ಲೆಕ್ಕ ಹಾಕೋಣ, ಯಾಕೆಂದರೆ ಈ ಲೆಕ್ಕ ಒಮ್ಮೆ ಕೈಗೆ ಹತ್ತಿದರೆ ಮುಂದೆ ಯಾವ ಹ್ಯಾಂಡ್‌ಹೆಲ್ಡ್‌ಗೆ ಹೋದರೂ ಡೆವ್‌ಕಿಟ್ ಮುಟ್ಟುವ ಮೊದಲೇ ಅಪಾಯ ಎಲ್ಲಿದೆ ಅಂತ ಕಾಣುತ್ತದೆ.

ನಿಮ್ಮ ಬಫರ್‌ನಲ್ಲಿ ಒಂದು ಪಿಕ್ಸೆಲ್‌ಗೆ 8 ಬೈಟ್. ಇಡೀ ಬಫರ್ 16.6 ಎಂಬಿ. ಬೆಳಕನ್ನು ಕೂಡಿಸುವಾಗ ಹಳೆಯ ಬೆಲೆ ಓದಬೇಕು, ಹೊಸದನ್ನು ಬರೆಯಬೇಕು, ಅಂದರೆ ಒಂದು ದೀಪಕ್ಕೆ 33 ಎಂಬಿ ಓಡಾಟ. ಎಂಟು ದೀಪಕ್ಕೆ 265 ಎಂಬಿ. 60 ಫ್ರೇಮ್ ಬೇಕು ಅಂದರೆ ಸೆಕೆಂಡಿಗೆ ಸುಮಾರು 16 ಜಿಬಿ! ಕ್ಯಾಶ್ ಮತ್ತು ಕಂಪ್ರೆಷನ್‌ನಿಂದ ಸ್ವಲ್ಪ ಉಳಿಯುತ್ತದೆ, ಅದನ್ನು ಇಲ್ಲಿ ಹಿಡಿದಿಲ್ಲ. ಆದರೆ ಒಟ್ಟು ಇರುವುದೇ 21.3 ಜಿಬಿ, ಅದನ್ನೇ ಸಿಪಿಯು ಕೂಡ ಹಂಚಿಕೊಳ್ಳಬೇಕು. ಇನ್ನು ಹಿನ್ನೆಲೆಯ ಪದರಗಳು, ಪಾತ್ರಗಳು, ಯುಐ ಎಲ್ಲಕ್ಕೂ ಉಳಿದದ್ದರಲ್ಲೇ ಆಗಬೇಕು. ಡಾಕ್‌ನಲ್ಲಿ ಎರಡು ಪಟ್ಟು ಜಿಪಿಯು ವೇಗ ಮತ್ತು 4 ಜಿಬಿ ಹೆಚ್ಚಿನ ಬ್ಯಾಂಡ್‌ವಿಡ್ತ್ ಇರುವುದರಿಂದ ಹೇಗೋ ದಡ ಸೇರುತ್ತಿದೆ, ಅಷ್ಟೇ.

ಮಾಡಬೇಕಾದದ್ದು ಎರಡೇ. ಮೊದಲು, ಲೈಟ್ ಬಫರ್ ಅನ್ನು ಈಗಿನ ರೆಂಡರ್ ರೆಸಲ್ಯೂಶನ್‌ಗೆ ಕಟ್ಟಿಹಾಕಿ, ಅದರ ಅರ್ಧ ಅಗಲ ಅರ್ಧ ಎತ್ತರ ಕೊಡಿ. ಕೈಯಲ್ಲಿದ್ದಾಗ 640×360 ಆಗುತ್ತದೆ. ಬೆಳಕು ಮೃದುವಾಗಿ ಹರಡುವಂಥದ್ದು, ಪಕ್ಕದ ಪಿಕ್ಸೆಲ್‌ಗಳನ್ನು ಬೆರೆಸುವ ಬೈಲೀನಿಯರ್ ಫಿಲ್ಟರ್ ಹಾಕಿ ಹಿಗ್ಗಿಸಿದರೆ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಎರಡನೆಯದು, ಫಾರ್ಮ್ಯಾಟ್ ಅನ್ನು 11-11-10 ಫ್ಲೋಟ್‌ಗೆ (ಕೆಂಪು, ಹಸಿರಿಗೆ 11 ಬಿಟ್, ನೀಲಿಗೆ 10) ಬದಲಿಸಿ. ಪಿಕ್ಸೆಲ್‌ಗೆ 4 ಬೈಟ್ ಸಾಕು. ಆಲ್ಫಾ (ಪಾರದರ್ಶಕತೆ) ಸಿಗುವುದಿಲ್ಲ, ಬೆಳಕಿಗೆ ಅದು ಬೇಕಾಗಿಯೂ ಇಲ್ಲ ಅಲ್ವಾ? ಈಗ ಅದೇ ಎಂಟು ದೀಪಕ್ಕೆ ಸೆಕೆಂಡಿಗೆ 1 ಜಿಬಿಗಿಂತ ಕಡಿಮೆ. ದೀಪ ಒಂದನ್ನೂ ಆರಿಸಬೇಕಾಗಿಲ್ಲ.

ಉತ್ತರ 3

ಸ್ಟೀಮ್ ಡೆಕ್‌ನಲ್ಲಿ ಚೆನ್ನಾಗಿ ಓಡಿದರೆ ಸ್ವಿಚ್‌ನಲ್ಲೂ ಓಡುತ್ತದೆ ಅಂತ ತುಂಬಾ ಜನ ನಂಬುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. 2022ರಲ್ಲಿ ಬಂದ ಡೆಕ್‌ನ ಪರದೆ 1280×800, ಸ್ವಿಚ್‌ಗೆ ಹತ್ತಿರ ಹತ್ತಿರ. ಒಳಗೆ ಮಾತ್ರ ಬೇರೆಯೇ ಲೋಕ: 16 ಜಿಬಿ ಮೆಮೊರಿ, ಸೆಕೆಂಡಿಗೆ 88 ಜಿಬಿ ಬ್ಯಾಂಡ್‌ವಿಡ್ತ್. ಪಿಎಸ್5ರಲ್ಲಿ 448. ಈ ಎರಡರಲ್ಲಿ ಸೆಕೆಂಡಿಗೆ 16 ಜಿಬಿ ಬ್ಯಾಂಡ್‌ವಿಡ್ತ್ ವ್ಯರ್ಥವಾದರೂ ಗೊತ್ತೇ ಆಗುವುದಿಲ್ಲ. ಡೆಕ್‌ನ ಮಿತಿ ಬೇರೆ ಕಡೆ ಇದೆ. ಸಿಪಿಯು, ಜಿಪಿಯು ಎರಡೂ ಸೇರಿ ಗರಿಷ್ಠ 15 ವ್ಯಾಟ್, ಒಂದು ಜಾಸ್ತಿ ತಿಂದರೆ ಇನ್ನೊಂದಕ್ಕೆ ಕಡಿಮೆ. ಅಲ್ಲಿ 60 ಸಿಗದಿದ್ದರೆ ಪರದೆಯನ್ನು 40 ಹರ್ಟ್ಸ್‌ಗೆ ಇಟ್ಟು 40 ಫ್ರೇಮ್ ಕೊಡಬಹುದು. ಫ್ರೇಮ್‌ಗೆ 25 ಮಿಲಿಸೆಕೆಂಡ್ ಸಿಗುತ್ತದೆ, ಆಡಲು ಹಿತವಾಗಿಯೇ ಇರುತ್ತದೆ. ಸ್ವಿಚ್‌ನ ಪರದೆ 60 ಹರ್ಟ್ಸ್ ಮಾತ್ರ. ಅಲ್ಲಿ 60 ತಪ್ಪಿದರೆ 30, ನಡುವೆ ನೆಮ್ಮದಿಯ ಜಾಗವೇ ಇಲ್ಲ. ಹಾಗಾಗಿ ಆಟವನ್ನು ಬೇರೆ ಯಂತ್ರಗಳಿಗೆ ಪೋರ್ಟ್ ಮಾಡುವವರು ಎಲ್ಲಕ್ಕಿಂತ ಚಿಕ್ಕ ಯಂತ್ರದಲ್ಲಿ, ಕೈಯಲ್ಲಿ ಹಿಡಿಯುವ ಮೋಡ್‌ನಲ್ಲಿ, ಮೊದಲ ದಿನದಿಂದಲೇ ಬಿಲ್ಡ್ ಓಡಿಸಿ.

ಉತ್ತರ 4

ಸ್ವಿಚ್ 2 ಬಂದಾಯಿತಲ್ಲ, 12 ಜಿಬಿ ಮೆಮೊರಿ ಇದೆ. ಹಳೆಯದನ್ನು ಬಿಟ್ಟುಬಿಟ್ಟರೆ ಆಗಲ್ವಾ?

ಉತ್ತರ 3

ಹಳೆಯ ಸ್ವಿಚ್ 15 ಕೋಟಿಗೂ ಹೆಚ್ಚು ಮಾರಾಟವಾಗಿದೆ. 2ಡಿ ಆಟಕ್ಕೆ ಅಷ್ಟು ಜನರನ್ನು ಬಿಡುವುದು ನನಗೆ ಸರಿ ಕಾಣುವುದಿಲ್ಲ. ಇವರ ಆಟಕ್ಕೆ ಬೇಕಾಗಿರುವುದು ಒಂದು ಬಫರ್‌ನ ಅಳತೆ, ಹೊಸ ಯಂತ್ರ ಅಲ್ಲ.

ಪ್ರಶ್ನೆ ಕೇಳಿದವರು

ಎರಡೂ ಬದಲಾವಣೆ ಮಾಡಿದೆವು. ಗುಹೆ ಈಗ ಕೈಯಲ್ಲೂ 14 ಮಿಲಿಸೆಕೆಂಡ್! ಎಐ ಹಾಗೇ ಇದೆ, ದೀಪಗಳೂ ಇವೆ. ತುಂಬಾ ಥ್ಯಾಂಕ್ಸ್.

ಇನ್ನೆರಡು ಉಳಿದಿವೆ. ಒಂದು, ಹೊಸ ಪ್ರದೇಶಕ್ಕೆ ಹೋಗುವಾಗ ಒಂದು ಕ್ಷಣ ನಿಂತುಬಿಡುತ್ತದೆ. ಹಿನ್ನೆಲೆ ಆರು ಪದರ, ಒಂದೊಂದೂ 4096×2048, ಕಂಪ್ರೆಸ್ ಮಾಡಿಲ್ಲ. ಎರಡು, ಆಟದಲ್ಲಿ ಕನ್ನಡ ಸಂಭಾಷಣೆ ಇದೆ. ಟಿವಿಯಲ್ಲಿ ಚೆನ್ನಾಗಿ ಕಾಣುವ ಅಕ್ಷರ ಚಿಕ್ಕ ಪರದೆಯಲ್ಲಿ ಒತ್ತಕ್ಷರಗಳೆಲ್ಲ ಅಂಟಿಕೊಂಡಂತೆ ಕಾಣುತ್ತದೆ. ಮಾತು ಮೊದಲ ಸಲ ಬಂದಾಗ ಸಣ್ಣ ತಡೆಯೂ ಇದೆ.

ಉತ್ತರ 1

ಮೊದಲನೆಯದು ಸುಲಭ. ಒಂದು ಪದರ 32 ಎಂಬಿ, ಆರಕ್ಕೆ 192. ಸ್ವಿಚ್‌ನಲ್ಲಿ ಇರುವುದು 4 ಜಿಬಿ, ಅದರಲ್ಲಿ ಸಿಸ್ಟಮ್‌ಗೂ ಪಾಲು ಹೋಗುತ್ತದೆ. ಟೆಗ್ರಾ ಎಕ್ಸ್1ಗೆ ಎಎಸ್‌ಟಿಸಿ (ಚಿತ್ರ ಕಂಪ್ರೆಸ್ ಮಾಡುವ ಒಂದು ವಿಧಾನ) ಹಾರ್ಡ್‌ವೇರ್‌ನಲ್ಲೇ ಗೊತ್ತು. 6×6 ಬ್ಲಾಕ್ ಹಾಕಿದರೆ ಒಂದು ಪದರ ಸುಮಾರು 3.6 ಎಂಬಿ, ಓದುವ ಸಮಯವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಕೈಯಿಂದ ಬರೆದ ಚಿತ್ರದ ತೆಳು ಗೆರೆಗಳು ಹಾಳಾದರೆ ಆ ಪದರಕ್ಕೆ ಮಾತ್ರ 4×4 ಕೊಡಿ, ಆಗ 8 ಎಂಬಿ. ಪಿಎಸ್5 ಮತ್ತು ಡೆಕ್‌ಗೆ ಇದು ನಡೆಯುವುದಿಲ್ಲ, ಅಲ್ಲಿಗೆ ಬಿಸಿ7 ಎಂಬ ಬೇರೆ ಕಂಪ್ರೆಷನ್. ಬಿಲ್ಡ್‌ನಲ್ಲಿ ಪ್ಲಾಟ್‌ಫಾರ್ಮ್‌ಗೆ ತಕ್ಕಂತೆ ಬೇರೆ ಬೇರೆ ಮಾಡಿ ಇಡಿ.

ಉತ್ತರ 5

ಕನ್ನಡದ ಬಗ್ಗೆ ನಾನು ಹೇಳುತ್ತೇನೆ, ಇದನ್ನು ಕೇಳುವವರೇ ಕಡಿಮೆ. ಮೊದಲ ಸ್ವಿಚ್‌ನ ಪರದೆ 6.2 ಇಂಚು, ಸ್ವಿಚ್ ಲೈಟ್‌ನದು 5.5. ಇಂಗ್ಲಿಷ್‌ಗೆ 20 ಪಿಕ್ಸೆಲ್ ಎತ್ತರ ನಡೆಯುತ್ತದೆ. ‘ರಾಷ್ಟ್ರ’, ‘ಸ್ತ್ರೀ’ ಥರದ ಪದ ಅಷ್ಟರಲ್ಲಿ ಬರೆದರೆ ಕೆಳಗಿನ ಒತ್ತು ಬರೀ ಚುಕ್ಕೆ ಆಗುತ್ತದೆ. ಕೈಯಲ್ಲಿ ಆಡುವಾಗ 28 ಪಿಕ್ಸೆಲ್‌ಗಿಂತ ಕೆಳಗೆ ಇಳಿಯಬೇಡಿ, ಸಾಲುಗಳ ನಡುವಿನ ಅಂತರವನ್ನೂ ಅಕ್ಷರದ ಒಂದೂವರೆ ಪಟ್ಟಾದರೂ ಇಡಿ. ಒಂದು ಪೆಟ್ಟಿಗೆಯಲ್ಲಿ ಮೂರು ಸಾಲು ಹಿಡಿಯುತ್ತಿದ್ದರೆ ಎರಡಕ್ಕೆ ಇಳಿಸಿ, ಮಾತನ್ನು ಮುರಿದು ಮುಂದಿನ ಪೆಟ್ಟಿಗೆಗೆ ಹಾಕಿ.

ತಡೆಯ ಕಾರಣ ಗ್ಲಿಫ್‌ಗಳು, ಅಂದರೆ ಫಾಂಟ್‌ನಲ್ಲಿರುವ ಅಕ್ಷರದ ಆಕಾರಗಳು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನ ಮಾತ್ರ, ಆದರೆ ಗುಣಿತ, ಒತ್ತು ಎಲ್ಲ ಸೇರಿದ ಮೇಲೆ ಫಾಂಟ್ ಒಳಗಿನ ಗ್ಲಿಫ್‌ಗಳು ಅದಕ್ಕಿಂತ ತುಂಬಾ ಜಾಸ್ತಿ. ಎಂಜಿನ್ ಅವನ್ನು ಬೇಕಾದಾಗ ಬೇಕಾದಾಗ ಬಿಡಿಸಿ ಅಟ್ಲಾಸ್‌ಗೆ (ಗ್ಲಿಫ್‌ಗಳನ್ನೆಲ್ಲ ಒಟ್ಟಿಗೆ ಇಡುವ ಒಂದು ಚಿತ್ರ) ಸೇರಿಸುತ್ತಿದೆ. ಪಿಸಿಯಲ್ಲಿ ಗೊತ್ತಾಗುವುದಿಲ್ಲ, 1020 ಮೆಗಾಹರ್ಟ್ಸ್‌ನ ಕೋರ್‌ನಲ್ಲಿ ಗೊತ್ತಾಗುತ್ತದೆ. ಸುಮ್ನೆ 128 ಸ್ಥಾನಗಳನ್ನು ಮೊದಲೇ ಅಟ್ಲಾಸ್‌ಗೆ ಹಾಕಿದರೆ ಪ್ರಯೋಜನ ಇಲ್ಲ, ಒತ್ತಕ್ಷರಗಳು ಅದರಲ್ಲಿ ಬರುವುದಿಲ್ಲ. ಬಿಲ್ಡ್ ಆಗುವಾಗಲೇ ಎಲ್ಲ ಸಂಭಾಷಣೆಯನ್ನೂ ಅಕ್ಷರಗಳನ್ನು ಗ್ಲಿಫ್‌ಗಳಾಗಿ ಜೋಡಿಸುವ ಹಾರ್ಫ್‌ಬಜ್ ಲೈಬ್ರರಿ ಮೂಲಕ ಹಾಯಿಸಿ, ಬರುವ ಗ್ಲಿಫ್ ಸಂಖ್ಯೆಗಳ ಪಟ್ಟಿ ಮಾಡಿ, ಅವನ್ನಷ್ಟೇ ಅಟ್ಲಾಸ್‌ನಲ್ಲಿ ಇಡಿ. ಆಟಗಾರ ತನ್ನ ಹೆಸರು ಟೈಪ್ ಮಾಡುವ ಜಾಗ ಇದ್ದರೆ ಅಲ್ಲಿಗೆ ಮಾತ್ರ ಈಗಿನ ವಿಧಾನವೇ ಇರಲಿ.