ಅದುರುವ ಹಲಗೆಯ ವ್ಯಾಯಾಮಕ್ಕೆ ಸರಿಯಾದ ಪದ ಯಾವುದು?

ಎಲ್ಲರಿಗೂ ನಮಸ್ಕಾರ. ಹೋಲ್ ಬಾಡಿ ವೈಬ್ರೇಷನ್ ಟ್ರೈನಿಂಗ್ ಬಗ್ಗೆ ವಯಸ್ಸಾದವರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಅದುರುವ ಹಲಗೆ ಮೇಲೆ ಮಂಡಿ ಸ್ವಲ್ಪ ಬಗ್ಗಿಸಿಕೊಂಡು ನಿಲ್ಲುತ್ತಾರಲ್ಲ, ಅದು. ಹೆಸರಿನ ಹತ್ತಿರವೇ ನಿಂತುಬಿಟ್ಟಿದ್ದೇನೆ.

'ಪೂರ್ಣದೇಹ ಕಂಪನ ತರಬೇತಿ' ನನಗೆ ಒಗ್ಗುತ್ತಿಲ್ಲ. ತರಬೇತಿ ಅಂದರೆ ಕಲಿಸುವುದು, ಅಲ್ವಾ? ಇಲ್ಲಿ ಕಲಿಯುವುದು ಏನೂ ಇಲ್ಲ. ಹಲಗೆ ಸೆಕೆಂಡಿಗೆ 20-40 ಸಲ, ಕೆಲವೇ ಮಿಲಿಮೀಟರ್‌ನಷ್ಟು ಅದುರುತ್ತದೆ, ಪ್ರತಿ ಸಲವೂ ಸ್ನಾಯು ಒಂಚೂರು ಎಳೆದಂತಾಗಿ ತಾನಾಗಿಯೇ ಬಿಗಿಯುತ್ತದೆ, ನಾವು ಬೇಕೆಂದು ಬಿಗಿ ಹಿಡಿಯುವುದು ಬೇಡ. ಹಾಗಾಗಿ 'ವ್ಯಾಯಾಮ' ಸಾಕು ಅನ್ನಿಸುತ್ತದೆ.

'ನಡುಕ' ಬೇಡವೇ ಬೇಡ. ಅದು ಚಳಿಗೆ, ಜ್ವರಕ್ಕೆ, ಹೆದರಿಕೆಗೆ ಒಳಗಿಂದ ಬರುವಂಥದ್ದು. ಕೈ ನಡುಗುವ ಹಿರಿಯರು ಇದನ್ನು ಕಾಯಿಲೆಯ ಹೆಸರು ಅಂದುಕೊಳ್ಳುತ್ತಾರೆ. 'ಅದುರು' ವಾಸಿ: ನೆಲವೂ ಅದುರುತ್ತದೆ, ತುಟಿಯೂ ಅದುರುತ್ತದೆ. ಬರೀ 'ಇಡೀ ಮೈ ಕಂಪನ' ಅಂದರೆ ಇನ್ನೊಂದು ತೊಡಕಿದೆ. ಲಾರಿ, ಟ್ರ್ಯಾಕ್ಟರ್ ಓಡಿಸುವವರಿಗೆ ಸೀಟಿನಿಂದ ಗಂಟೆಗಟ್ಟಲೆ ಮೈಗೆ ಹತ್ತುವ ಅದುರಾಟಕ್ಕೂ ಇಂಗ್ಲಿಷಿನಲ್ಲಿ ಇದೇ ಹೆಸರು, ಅದು ಬೆನ್ನುನೋವು ತರುವಂಥದ್ದು. ಒಂದೇ ಪದ ಒಂದು ಕಡೆ ಕೆಡುಕು, ಇನ್ನೊಂದು ಕಡೆ ಕಸರತ್ತು ಆಗಬಾರದು. ಸದ್ಯಕ್ಕೆ 'ಅದುರು ಹಲಗೆ ವ್ಯಾಯಾಮ' ಅಂತ ಬರೆದಿಟ್ಟಿದ್ದೇನೆ.

ನಿಜವಾಗಿ ತಲೆ ಕೆಡಿಸಿರುವುದು ಮೂಳೆಯ ಮಾತು. 'ಮೂಳೆ ಗಟ್ಟಿ ಮಾಡುವ ವ್ಯಾಯಾಮ' ಅಂತ ತಲೆಬರಹ ಕೊಟ್ಟರೆ ಅದು ಭರವಸೆ ಕೊಟ್ಟ ಹಾಗೆ. 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕುರಿಗಳನ್ನು ದಿನಕ್ಕೆ 20 ನಿಮಿಷ, ಒಂದು ವರ್ಷ, ತೀರಾ ಮೆಲ್ಲಗೆ ಅದುರುವ ಹಲಗೆ ಮೇಲೆ ನಿಲ್ಲಿಸಿದಾಗ ತೊಡೆಮೂಳೆಯ ಒಳಗಿನ ಸ್ಪಂಜಿನಂಥ ಭಾಗ ಶೇ. 34ರಷ್ಟು ದಟ್ಟವಾಗಿತ್ತು. ಆದರೆ 2011ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ಕೆನಡಾದವರು ಮುಟ್ಟು ನಿಂತ 202 ಹೆಂಗಸರ ಮೇಲೆ ಒಂದು ವರ್ಷ ಇಂಥ ಹಲಗೆಯನ್ನು ಪರೀಕ್ಷಿಸಿ ನೋಡಿದಾಗ ಮೂಳೆಯ ಸಾಂದ್ರತೆಯಲ್ಲಿ ಲಾಭ ಕಾಣಲಿಲ್ಲ. ಅದಕ್ಕೇ 'ಮೂಳೆಗೆ ನೆರವಾಗಬಹುದೇ ಎಂದು ನೋಡುತ್ತಿರುವ' ಅಂತ ಉದ್ದಕ್ಕೆ ಬರೆಯುತ್ತಿದ್ದೇನೆ. ಚಿಕ್ಕದಾಗಿ ಹೇಳುವ ದಾರಿ ಇದ್ದರೆ ತಿಳಿಸಿ.

ಇನ್ನೊಂದು: 'ಮೂಳೆ ಸವೆತ' ಅಂದರೆ ಜನ ಮಂಡಿ ಕೀಲು ಸವೆಯುವುದನ್ನೂ ಹೇಳುತ್ತಾರೆ, ಮೂಳೆ ಒಳಗೊಳಗೇ ಟೊಳ್ಳಾಗುವುದನ್ನೂ ಹೇಳುತ್ತಾರೆ. ನನಗೆ ಬೇಕಿರುವುದು ಎರಡನೆಯದು. 'ಅಸ್ಥಿರಂಧ್ರತೆ' ಯಾರ ಬಾಯಲ್ಲೂ ಬರುವುದಿಲ್ಲ. 'ಮೂಳೆ ಟೊಳ್ಳು' ಅಂದರೆ ನಿಮ್ಮ ಕಡೆಯವರಿಗೆ ಅರ್ಥವಾಗುತ್ತದೆಯೇ?